ನೂಲಣ್ಣನ ನೆಟ್ಟನೆಯ ಕಾಲುವೆ

ಕೆಲವರು ಅಂಗಾಲಿಗೆ ಕೆಂಡ ಅಂಟಿಸಿಕೊಂಡೇ ಹುಟ್ಟುತ್ತಾರೆ. ನೂಲಣ್ಣ ಅಂಥವನು. ಉಣ್ಣಲು ಕೂತರೆ ತುತ್ತಿಗೊಮ್ಮೆ ಎದ್ದು ಬಾಗಿಲಿಗೆ ಹೋಗುತ್ತಿದ್ದ. ಮಾತಿಗೆ ನಿಂತರೆ ನಮ್ಮ ಮಾತು ಮುಗಿಯುವುದರೊಳಗೆ ಅವನ ಬೆನ್ನು ಕಾಣಿಸುತ್ತಿತ್ತು. ಕಸುಬು ಒಡ್ಡು ಕಟ್ಟುವುದು. ದಿನಕ್ಕೆರಡು ಸಲ ಕಡಲು ಉಬ್ಬಿ, ಹೊಳೆಯ ಬಾಯಿಂದ ಒಳನುಗ್ಗಿ, ಮತ್ತೆ ಇಳಿದು ಹೋಗುವ ಕಡೆಯಲ್ಲಿ ಒಡ್ಡಿನವನಿಗೆ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? ನೀರು ಉಬ್ಬಿದರೆ ಒಡ್ಡು ತಡೆದೀತೇ ಎಂಬ ಚಿಂತೆ, ಇಳಿದರೆ ಎಲ್ಲಿ ತೂತು ಬಿತ್ತೋ ಎಂಬ ಚಿಂತೆ.

"ನಾನು ಗಂಡನ್ನ ಕಟ್ಕೊಳ್ಳಿಲ್ಲ, ಗಡಿಯಾರದ ಲೋಲಕ ಕಟ್ಕೊಂಡೆ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ನೂಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನ ಸೊಂಟದಲ್ಲಿ ಸದಾ ಒಂದು ನೂಲುಂಡೆ ಇರುತ್ತಿತ್ತು. ಗುದ್ದಲಿ ನೆಲಕ್ಕೆ ತಾಗುವ ಮೊದಲು ಈ ತುದಿಗೊಂದು ಗೂಟ, ಆ ತುದಿಗೊಂದು ಗೂಟ, ನಡುವೆ ಬಿಗಿದ ನೂಲು. ಒಂದು ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತು ನೋಡುವ ಆ ಒಂದು ಗಳಿಗೆಯಲ್ಲಿ ಮಾತ್ರ ಅವನು ಅಲುಗದೆ ಇರುತ್ತಿದ್ದದ್ದು. ಅವನು ಕಟ್ಟಿದ ಒಡ್ಡಿನ ನೆತ್ತಿಯ ಮೇಲೆ ಸೈಕಲ್ಲಿನ ಹ್ಯಾಂಡಲ್ ಬಿಟ್ಟು ಹೋಗಬಹುದಿತ್ತು. ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಜೋತು ಬಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ನೂಲೆಳೆಯುವವನಿಗೆ ದೂರದಲ್ಲೊಂದು ಗುರುತು ಬೇಕು. ಅಂಗೈಯಂತೆ ಚಪ್ಪಟೆಯಾದ ಆ ನೆಲದಲ್ಲಿ ಕಣ್ಣಿಗೆ ತಾಗುವುದು ಒಂದೇ. ಒಡ್ಡಿನ ಒಳಮಗ್ಗುಲಿಗೆ, ಒಂದು ದಿಬ್ಬದ ಮೇಲೆ, ಅವನ ಅಕ್ಕನ ಮನೆಯ ಹೆಂಚಿನ ಮಾಡು. ತಾಯಿ ತೀರಿದ ಮೇಲೆ ಅವನನ್ನು ಸೊಂಟದಲ್ಲಿಟ್ಟು ಬೆಳೆಸಿದವಳು ಆ ಅಕ್ಕ. ಅಪ್ಪನ ಜೊತೆ ಮೊದಲ ಸಲ ಕೆಸರಿಗೆ ಇಳಿದಾಗಿನಿಂದಲೂ ಆ ಮಾಡಿನ ತುದಿಗೆ ಕಣ್ಣು ಕೂಡಿಸಿಯೇ ಅವನು ನೂಲು ಹಿಡಿಯಲು ಕಲಿತದ್ದು. ಅದು ಅಭ್ಯಾಸವಾಗಿ, ಅಭ್ಯಾಸವೆಂಬುದೇ ಮರೆತು ಹೋಗಿತ್ತು. ಉಸಿರಾಡುವುದನ್ನು ಯಾರು ನೆನಪಿಟ್ಟುಕೊಂಡು ಮಾಡುತ್ತಾರೆ?

ಅಕ್ಕನ ಅಂಗಳದಲ್ಲಿ ಒಂದು ಬಾವಿ. ಸುತ್ತಲಿನ ಬಾವಿಗಳೆಲ್ಲ ಸವುಳು, ಇದೊಂದೇ ಸಿಹಿ. ಕಡಲಿಗೆ ಇಳಿಯುವ ದೋಣಿಗಳವರು ಕುಡಿಯುವ ನೀರಿನ ಕ್ಯಾನು ತುಂಬಿಸಿಕೊಳ್ಳುತ್ತಿದ್ದದ್ದು ಇಲ್ಲಿಂದಲೇ. ದೋಣಿ ಮರಳಿದಾಗ ಅವಳ ಜಗಲಿಗೆ ಮೀನು ಬರುತ್ತಿತ್ತು. ಗಂಡ ಹೋದ ಮೇಲೆ ಅವಳ ಅನ್ನ, ಮರ್ಯಾದೆ, ಜಗಳ, ಊರ ಸುದ್ದಿ ಎಲ್ಲವೂ ಆ ಬಾವಿಕಟ್ಟೆಯ ಮೇಲೆಯೇ ನಡೆಯುತ್ತಿತ್ತು. "ನನ್ನ ಬಾವಿ ಇರೋವರೆಗೆ ನಾನು ಯಾರ ಮನೆ ಬಾಗಿಲಿಗೂ ಹೋಗೋಳಲ್ಲ. ಎಲ್ಲರೂ ನನ್ನ ಬಾಗಿಲಿಗೆ ಬರ್ತಾರೆ" ಎನ್ನುವುದು ಅವಳ ಗತ್ತು.

ಒಡ್ಡಿನ ಒಳಗಿನ ನೆಲದ ಕತೆ ಬೇರೆ. ಬೆಳೆ ತೆಗೆಯಬೇಕೆಂದು ನೂಲಣ್ಣನ ಅಪ್ಪನ ಕಾಲದಲ್ಲಿ ಕಡಲ ನೀರನ್ನು ಹೊರಗಿಟ್ಟು ಒಡ್ಡು ಹಾಕಿದ್ದರು. ಕೆಲವು ವರ್ಷ ತೆನೆ ತೂಗಿತು. ಆಮೇಲೆ ಒಣಗಿದ ಕೆಸರು ಹುಳಿಯಾಯಿತು. ಗುಂಡಿಯಲ್ಲಿ ನಿಂತ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು, ನೆಲದ ಮೇಲೆ ಬಿಳಿ ಹಕ್ಕಳೆ ಎದ್ದಿತು, ಹುಲ್ಲು ಕೂಡ ಅದನ್ನು ಕಂಡು ಮೂಗು ಮುರಿಯಿತು. ಉಪ್ಪುನೀರಲ್ಲಿ ಬೇರು ಬಿಟ್ಟು ನಿಲ್ಲುವ ಗಿಡಗಳು ನಿಂತಲ್ಲೇ ಒಣಗಿ ಕಡ್ಡಿಯಾದವು. ಏಡಿ, ಸೀಗಡಿ, ಮರಿಮೀನಿಗೆ ತೊಟ್ಟಿಲಾಗಿದ್ದ ಜೌಗು ಸತ್ತ ಮೇಲೆ ಹೊರಗಿನ ಹೊಳೆಯಲ್ಲೂ ಬಲೆ ಹಗುರವಾಯಿತು. ಸಮೃದ್ಧಿಯಾಗಿ ಬೆಳೆದದ್ದು ಸೊಳ್ಳೆ ಮಾತ್ರ.

ಅಂಥ ಹೊತ್ತಿನಲ್ಲಿ, ಆ ನೆಲ ಸರಿಪಡಿಸಲೆಂದು, ಒಬ್ಬ ಹುಡುಗಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಂದಳು. ಇಂಜಿನಿಯರಮ್ಮ ಎಂದು ನಾವು ಕರೆದೆವು. ಮಂಜುಗಡ್ಡೆ ಕಾರ್ಖಾನೆಯ ಚಪ್ಪರದಡಿ ಎಲ್ಲರನ್ನೂ ಕೂರಿಸಿ ಹೇಳಿದಳು: "ಈ ನೆಲಕ್ಕೆ ಗೊಬ್ಬರ ಬೇಡ, ಸಸಿ ನೆಡೋದೂ ಬೇಡ. ಒಡ್ಡಿಗೆ ಒಂದು ಬಾಯಿ ಕೊಯ್ದು, ಒಳಗೆ ಕಾಲುವೆ ತೋಡಿದ್ರೆ ಉಬ್ಬರದ ನೀರು ಬಂದು ಹೋಗುತ್ತೆ. ಹುಳಿ ತೊಳೆಯೋದೂ ಅದೇ, ಬೀಜ ಹೊತ್ತು ತರೋದೂ ಅದೇ."

ದೋಣಿಯವರು ತಲೆ ಆಡಿಸಿದರು. ಅಕ್ಕ ಮಾತ್ರ ಎದ್ದು ನಿಂತಳು.

"ಅಮ್ಮಾ, ನಿನ್ನ ನೀರು ಬಂದು ಹೋಗುತ್ತೆ ಸರಿ. ಹೋಗುವಾಗ ನನ್ನ ಬಾವಿಗೆ ಉಪ್ಪು ಇಟ್ಟು ಹೋದ್ರೆ?"

"ನಿಮ್ಮ ದಿಬ್ಬದ ಸುತ್ತ ಬೇರೆ ಒಡ್ಡು ಹಾಕ್ತೀವಿ ಅಕ್ಕಾ."

"ಯಾರು ಹಾಕೋದು?"

ಅಷ್ಟರಲ್ಲಿ ನಾಲ್ಕು ಸಲ ಎದ್ದು ಕೂತಿದ್ದ ನೂಲಣ್ಣ ಐದನೆಯ ಸಲ ಎದ್ದ. "ನಾನು ಹಾಕ್ತೀನಿ. ಅಕ್ಕಾ, ನಿನ್ನ ಬಾವಿಗೆ ಒಂದು ಹನಿ ಉಪ್ಪು ಬಿದ್ರೆ ನಾನು ಮತ್ತೆ ಗುದ್ದಲಿ ಮುಟ್ಟೋದಿಲ್ಲ."

"ನೀನು ಗುದ್ದಲಿ ಬಿಟ್ರೆ ನನಗೇನೋ ಬಂತು? ನನಗೆ ಬೇಕಾಗಿರೋದು ನೀರು ಕಣೋ, ನಿನ್ನ ಆಣೆ ಅಲ್ಲ."

ಚಪ್ಪರವೆಲ್ಲ ನಕ್ಕಿತು. ಅಪ್ಪ ಕಟ್ಟಿದ ಒಡ್ಡನ್ನು ಮಗನೇ ಕೊಯ್ಯಲು ಒಪ್ಪಿದ್ದಕ್ಕೆ, ಬೇಲಿಯೇ ಎದ್ದು ಹೊಲ ಮೇಯಿತು ಎಂದು ಹಿಂದಿನಿಂದ ಯಾರೋ ಚುಚ್ಚಿದರು. ಅವನು ಕೇಳಿಸಿಕೊಳ್ಳಲು ನಿಂತಿರಲಿಲ್ಲ. ಆಗಲೇ ಒಡ್ಡಿನ ಮೇಲೆ ನಡೆಯುತ್ತಿದ್ದ.

ದಿಬ್ಬದ ಸುತ್ತಲಿನ ಒಡ್ಡನ್ನು ಅವನು ಪ್ರಾಣ ಹಾಕಿ ಕಟ್ಟಿದ. ಹಸಿ ಮಣ್ಣು ತಟ್ಟಿ, ತುಳಿದು, ಮತ್ತೆ ತಟ್ಟಿ, ಬೆಳಿಗ್ಗೆ ಕಟ್ಟಿದ್ದನ್ನು ಸಂಜೆ ಕಾಲಿಂದ ಒದ್ದು ನೋಡುತ್ತಿದ್ದ. ಗಲಾಟೆ ಶುರುವಾದದ್ದು ಕಾಲುವೆಯಲ್ಲಿ. ಇಂಜಿನಿಯರಮ್ಮ ಕಾಲುವೆಯ ದಾರಿಗೆ ಕೆಂಪು ಬಟ್ಟೆ ಕಟ್ಟಿದ ಗೂಟ ನೆಟ್ಟಿದ್ದಳು. ಗೂಟಗಳ ಸಾಲು ಅತ್ತ ತಿರುಗಿ, ಇತ್ತ ಹೊರಳಿ, ಬಂದ ದಾರಿಗೇ ಮುಖ ಮಾಡಿ, ದಿಬ್ಬವನ್ನು ದೂರದಿಂದ ಬಳಸಿಕೊಂಡು ಹೋಗಿತ್ತು.

"ಅಮ್ಮಾ, ಈ ಗೂಟ ನೆಟ್ಟೋರು ಕುಡಿದಿದ್ರಾ?" ಎಂದು ನೂಲಣ್ಣ ಕೇಳಿದ.

"ನಾನೇ ನೆಟ್ಟಿದ್ದು ಯಜಮಾನ್ರೇ. ಬೆಳಿಗ್ಗೆ ಬರೀ ಚಹಾ ಕುಡಿದಿದ್ದೆ."

"ಹಾವು ಹೊರಳಾಡಿದ ಹಾಗಿದೆ."

"ಹಾಗೇ ಇರ್ಬೇಕು. ನೀರು ಓಡ್ಕೊಂಡು ಬರಬಾರದು. ಒಂದೊಂದು ತಿರುವಿನಲ್ಲೂ ಅದಕ್ಕೆ ಏದುಸಿರು ಬರಬೇಕು. ಅಲ್ಲಲ್ಲಿ ಕವಲೊಡೆದು ಹರಡಬೇಕು. ನೆಟ್ಟಗೆ ಬಿಟ್ರೆ ಬಂದಿದ್ದೇ ಗುದ್ದುತ್ತೆ."

"ನಾನು ಕಟ್ಟಿದ್ದನ್ನ ಗುದ್ದೋ ನೀರು ಇನ್ನೂ ಹುಟ್ಟಿಲ್ಲ ಬಿಡಿ."

"ನೀರು ದಿನಕ್ಕೆರಡು ಸಲ ಹುಟ್ಟುತ್ತೆ ಯಜಮಾನ್ರೇ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಇಬ್ಬರೂ ಎಳೆದಾಡುತ್ತಿರುವಾಗಲೇ ಅವಳಿಗೆ ಬೇರೆ ಕಡೆಯ ಕೆಲಸಕ್ಕೆ ಕರೆ ಬಂತು. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಒಡ್ಡಿನ ಬಾಯಿ ತೆಗೆಯುವುದು, ಅಷ್ಟರಲ್ಲಿ ತಾನು ಬಂದುಬಿಡುವೆ ಎಂದು ಹೇಳಿ ಹೋದಳು. ಒಳಗಿನ ಕೆಸರಿಗೆ ಯಂತ್ರ ಇಳಿಸಿದರೆ ಹೂತು ಹೋಗುತ್ತಿತ್ತು. ಹಾಗಾಗಿ ಕಾಲುವೆ ತೋಡಲು ಗುದ್ದಲಿ ಬುಟ್ಟಿಯೇ ಗತಿ.

ಅವಳು ಹೋದ ಮೇಲೆ ನೂಲಣ್ಣನಿಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಣ್ಣು ಎತ್ತಿದರೆ ಆ ಡೊಂಕು ಸಾಲು. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಅದು ಅವನನ್ನು ಕಾಡಿತು. ಮೊದಲು ಒಂದು ಗೂಟ ಕಿತ್ತು, ಇದೊಂದು ಸ್ವಲ್ಪ ಈಚೆಗಿರಲಿ ಎಂದು ನೆಟ್ಟ. ಅದು ಈಚೆಗೆ ಬಂದ ಮೇಲೆ ಪಕ್ಕದ್ದು ಇನ್ನೂ ಡೊಂಕಾಗಿ ಕಂಡಿತು. ಅದನ್ನೂ ಸರಿಸಿದ. ಸಂಜೆಯ ಹೊತ್ತಿಗೆ ಕೆಂಪು ಬಟ್ಟೆಗಳೆಲ್ಲ ಕವಾಯತಿಗೆ ನಿಂತ ಪೊಲೀಸರ ಹಾಗೆ ಸಾಲಾಗಿ ನಿಂತಿದ್ದವು. ನೂಲು ಬಿಗಿದು ಒಂದು ಕಣ್ಣು ಮುಚ್ಚಿ ನೋಡಿ, "ಈಗ ನೋಡಿ" ಎಂದ. ಅಗೆಯುವ ನಮಗೂ ಖುಷಿಯೇ. ನೆಟ್ಟಗಿದ್ದರೆ ಅಗೆತ ಕಡಿಮೆ.

"ಆ ಹುಡುಗಿ ಹೇಳಿದ ಹಾಗೆ ಮಾಡಿದ್ರೆ ನಿಮ್ಮ ಮೂಳೆ ಸವೆಯುತ್ತಾ?" ಎಂದು ಹೆಂಡತಿ ಕೇಳಿದಳು.

"ನೀರಿಗೂ ಒಂದು ಮರ್ಯಾದೆ ಬೇಡ್ವೇನೇ? ಕುಡುಕನ ದಾರಿಯಲ್ಲಿ ಕರ್ಕೊಂಡು ಬರೋದಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಡೊಂಕು ತೋಡೋಕೆ ಬರದೆ ನೀರಿನ ಮರ್ಯಾದೆ ಮಾತಾಡ್ತೀರಿ" ಎಂದು ಅವಳು ತಟ್ಟೆ ಕುಕ್ಕಿದಳು. ಅವನು ಅರ್ಧ ಉಂಡು ಎದ್ದ.

ಬಾಯಿ ತೆಗೆಯುವ ಬೆಳಿಗ್ಗೆ ಒಡ್ಡಿನ ಮೇಲೆ ಜನ ಕಿಕ್ಕಿರಿದಿದ್ದರು. ಹಿಂದಿನ ದಿನವೇ ಯಂತ್ರ ಒಡ್ಡಿನ ಮಣ್ಣನ್ನು ಕೆರೆದು ಬಾಯಿಯ ಜಾಗದಲ್ಲಿ ತೆಳ್ಳಗೆ ಒಂದು ಗೋಡೆಯಷ್ಟೇ ಉಳಿಸಿತ್ತು. ಇಂಜಿನಿಯರಮ್ಮ ಬಸ್ಸಿಳಿದು ಬಂದವಳು ಒಡ್ಡು ಹತ್ತಿ ಒಳಗೆ ನೋಡಿದಳು. ಚೀಲ ಕೆಳಗಿಟ್ಟಳು.

"ಯಜಮಾನ್ರೇ, ಇದೇನಿದು?"

"ಕಾಲುವೆ ಅಮ್ಮಾ. ನೋಡಿ, ಒಂದು ಕೂದಲೆಳೆ ಅತ್ತಿತ್ತ ಇಲ್ಲ."

"ಕಾಲುವೆ ಎಲ್ಲಿಗೆ ಹೋಗ್ತಿದೆ ನೋಡಿದ್ರಾ?"

ನೂಲಣ್ಣ ತಿರುಗಿ ನೋಡಿದ. ಇಷ್ಟು ದಿನವೂ ಅವನು ನೂಲು ನೋಡಿದ್ದ, ಗೂಟ ನೋಡಿದ್ದ, ಗುದ್ದಲಿಯ ಬಾಯಿ ನೋಡಿದ್ದ. ಈಗ ಕಾಲುವೆಯ ತುದಿ ನೋಡಿದ. ಅದು ದಿಬ್ಬದ ಒಡ್ಡಿಗೆ ಸ್ವಲ್ಪ ಈಚೆ ನಿಂತಿತ್ತು ನಿಜ. ಆದರೆ ತುದಿಯಿಂದ ಕಣ್ಣು ಹಾಗೇ ಮುಂದೆ ಹೋದರೆ ನೇರ ಅಕ್ಕನ ಬಾವಿಕಟ್ಟೆ, ಅದರ ಹಿಂದೆ ಬಾಗಿಲು, ಅದರ ಮೇಲೆ ಮಾಡಿನ ತುದಿ. ಬೇಡ ಹುಲ್ಲೆಗೆ ಬಾಣ ಹೂಡಿದ ಹಾಗೆ ಕಾಲುವೆ ಅಕ್ಕನ ಮನೆಗೆ ಹೂಡಿಕೊಂಡು ಕೂತಿತ್ತು.

"ಬಾಯಿ ತೆಗೀಬೇಡಿ! ಹುಣ್ಣಿಮೆಗೆ ನೋಡೋಣ. ಮೂಟೆ ತನ್ನಿ, ಮಣ್ಣು ತುಂಬಿ!" ಎಂದು ಇಂಜಿನಿಯರಮ್ಮ ಕೂಗಿದಳು.

ನಾವು ಮೂಟೆಗೆ ಓಡಿದೆವು. ಅಮಾವಾಸ್ಯೆಯ ಕಡಲು ಯಾರ ಮಾತು ಕೇಳೀತು? ತೆಳ್ಳಗಿನ ಮಣ್ಣಿನ ಗೋಡೆ ಮೊದಲು ಬೆವರಿತು, ಆಮೇಲೆ ಒಂದು ಕಡೆ ಬೆರಳಷ್ಟು ದಪ್ಪ ನೀರು ಚಿಮ್ಮಿತು, ನೋಡನೋಡುತ್ತಿದ್ದಂತೆ ಇಡೀ ಗೋಡೆ ಕುಸಿಯಿತು.

ಅಷ್ಟು ವರ್ಷ ಹೊರಗೆ ನಿಂತು ಕಾದ ನೀರು. ತೋಡಿಟ್ಟ ನೆಟ್ಟನೆಯ ದಾರಿ ಸಿಕ್ಕಿದ್ದೇ ತಡ, ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿತು. ಅದರ ಪಕ್ಕದಲ್ಲೇ, ಕಾಲುವೆಯ ದಂಡೆಯ ಮೇಲೆ, ನೂಲಣ್ಣ ಓಡಿದ. "ಅಕ್ಕಾ! ಹಿಂದೆ ಸರಿ! ಅಕ್ಕಾ!" ನೀರು ಅವನಿಗಿಂತ ಮೊದಲು ಮುಟ್ಟಿತು. ದಿಬ್ಬದ ಒಡ್ಡಿಗೆ ಧಡ್ ಎಂದು ಬಡಿದು, ಸುತ್ತಿ, ಅದೇ ಜಾಗಕ್ಕೆ ಮತ್ತೆ ಮತ್ತೆ ಬಡಿಯಿತು. ಅವನು ಮಣ್ಣಿನ ಹೆಂಟೆ ಎತ್ತೆತ್ತಿ ಹಾಕಿದ. ಹೆಂಟೆ ಸಾಲದೆ ಬೆನ್ನು ಕೊಟ್ಟು ಕೂತ. ನಾವು ಮೂಟೆ ಹೊತ್ತು ತಲುಪುವಷ್ಟರಲ್ಲಿ ಒಂದು ಮೂಲೆ ಜಾರಿತು. ಕಂದು ನೀರು ಅಂಗಳಕ್ಕೆ ಹೊಕ್ಕು, ಸೊಪ್ಪಿನ ಮಡಿಗಳನ್ನು ಮುಳುಗಿಸಿ, ಕ್ಯಾನು ತುಂಬಿಸಲೆಂದು ಬಾವಿಕಟ್ಟೆಯನ್ನು ತಗ್ಗಿಸಿಟ್ಟಿದ್ದ ಜಾಗದಿಂದ ಸದ್ದು ಮಾಡುತ್ತಾ ಬಾವಿಯೊಳಗೆ ಇಳಿಯಿತು.

ಇಳಿತ ಶುರುವಾಗಿ ನೀರು ಬಂದಷ್ಟೇ ನೆಟ್ಟಗೆ ಹೊರಟು ಹೋದ ಮೇಲೆ ಅಕ್ಕ ಜಗಲಿಯಿಂದ ಇಳಿದಳು. ಕೊಡ ಇಳಿಸಿ ಸೇದಿದಳು. ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು ಉಗಿದಳು. ತಮ್ಮನ ಕಡೆ ನೋಡಲಿಲ್ಲ. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಸಂಜೆ ಕ್ಯಾನು ಹಿಡಿದು ಬಂದ ದೋಣಿಯ ಮುದುಕ ಮುಚ್ಚಿದ ಬಾಗಿಲು ನೋಡಿ, ಬಾವಿ ಇಣುಕಿ, ಖಾಲಿ ಕ್ಯಾನಿನೊಂದಿಗೆ ತಿರುಗಿದ. ದಾರಿಯಲ್ಲಿ ನೂಲಣ್ಣ ಎದುರಾದಾಗ, "ಭಲೇ ಗುರಿಗಾರ" ಎಂದ.

ನೂಲಣ್ಣ ಇಂಜಿನಿಯರಮ್ಮನ ಮುಂದೆ ಹೋಗಿ ನಿಂತ. ಗುದ್ದಲಿಯ ಆಣೆ ನೆನಪಿಸಿ ಬೈಯುತ್ತಾಳೆ ಎಂದು ತಯಾರಾಗಿ ಬಂದಿದ್ದ. ಅವಳಿಗೆ ಬೈಯಲು ಬಿಡುವಿರಲಿಲ್ಲ. ಒಡ್ಡಿನ ಬಾಯಿಗೆ ಮೂಟೆ ಪೇರಿಸಿ, ನೀರು ಸೊಂಟ ಮುಟ್ಟುವಷ್ಟು ಬರದೆ ಪಾದ ಮುಳುಗುವಷ್ಟೇ ಒಳಬರುವ ಹಾಗೆ ಮಾಡಿಸುತ್ತಿದ್ದಳು.

"ಹುಣ್ಣಿಮೆಗೆ ಮತ್ತೆ ದೊಡ್ಡ ಉಬ್ಬರ. ಈ ಮೂಟೆ ಅದಕ್ಕೆ ತಡೆಯಲ್ಲ. ಅಷ್ಟರೊಳಗೆ ನೆಟ್ಟಗಿನದನ್ನ ಮುಚ್ಚಿ ಡೊಂಕಿನದು ತೋಡ್ಬೇಕು" ಎಂದಳು.

"ಅಮ್ಮಾ, ನನ್ನ ಕೈಗೆ ಡೊಂಕು ಬರಲ್ಲ" ಎಂದ ನೂಲಣ್ಣ. ಅವನ ಬಾಯಿಂದ ಬರಲ್ಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. "ತಿರುಗಿಸೋಕೆ ಹೋದ್ರೆ ಮನೆ ಮೂಲೆ ಹಾಗೆ ಮುರಿಯುತ್ತೆ, ಬಾಗಲ್ಲ. ಎಲ್ಲಿ ಬಾಗಬೇಕು ಅಂತ ಯಾವ ಗುರುತು ನೋಡ್ಲಿ?"

ಅವಳು ಅವನನ್ನು ಕೆಸರಿಗೆ ಕರೆದುಕೊಂಡು ಹೋದಳು. ಆ ಹೊತ್ತಿನ ಸಣ್ಣ ಉಬ್ಬರ ಇಳಿಯುತ್ತಿತ್ತು. "ಬರುವಾಗ ನೀರಿಗೆ ಆತುರ. ಹೋಗುವಾಗ ನೋಡಿ. ತಗ್ಗು ಹುಡುಕ್ಕೊಂಡು, ಗೀರು ಹಾಕ್ಕೊಂಡು ಹೋಗುತ್ತೆ. ನನ್ನ ಗೂಟಗಳೂ ಅಂಥ ಹಳೇ ಗೀರಿನ ಮೇಲೇ ಇದ್ದದ್ದು. ನೀವು ಮುಂದೆ ಹೋಗ್ಬೇಡಿ. ಅದರ ಹಿಂದೆ ಹೋಗಿ, ಅದು ಗೀರಿದ್ದನ್ನ ಆಳ ಮಾಡಿ, ಅಷ್ಟೇ."

ಹೇಳುವುದು ಸುಲಭ. ಜೀವಮಾನವೆಲ್ಲ ನೀರನ್ನು ಅಟ್ಟಿದವನು ಅದರ ಹಿಂದೆ ಹೋಗಬೇಕಾಯಿತು. ಉಬ್ಬರ ಬರುವವರೆಗೆ ಕಾಯಬೇಕು, ಬಂದದ್ದು ಇಳಿಯುವವರೆಗೆ ಕಾಯಬೇಕು, ಇಳಿಯುವಾಗ ಬಗ್ಗಿ ನೋಡಬೇಕು. ಕಾಯುವುದೆಂದರೆ ನೂಲಣ್ಣನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಕಾಯುವ ಹೊತ್ತಿಗೆ ಅಕ್ಕನ ಅಂಗಳಕ್ಕೆ ಓಡಿ, ಒಡ್ಡಿನ ಜಾರಿದ ಮೂಲೆಗೆ ಮಣ್ಣು ತಟ್ಟಿ, ಬಾವಿ ಸೇದುತ್ತಿದ್ದ. ಉಪ್ಪಾದ ನೀರನ್ನೆಲ್ಲ ಹೊರಗೆ ಹಾಕಿದರೆ ತಳದ ಸೆಲೆಯಿಂದ ಸಿಹಿ ನೀರು ಊರೀತು ಎಂಬ ಆಸೆ. ಸೇದಿ ಸೇದಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಸೇದಿದಾಗಲೊಮ್ಮೆ ರುಚಿ ನೋಡುತ್ತಿದ್ದ, ಉಗಿಯುತ್ತಿದ್ದ. ಒಂದು ದಿನ ಒಳಗಿನಿಂದ ಅಗುಳಿ ತೆಗೆದ ಸದ್ದಾಯಿತು.

"ಉಗಿಯೋದಾದ್ರೆ ಆಚೆ ಉಗಿ. ಬಾವಿ ಪಕ್ಕ ಉಗೀಬೇಡ" ಎಂದಳು ಅಕ್ಕ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಹಗ್ಗದ ಇನ್ನೊಂದು ಕಡೆ ಹಿಡಿದಳು. "ಅಪ್ಪನಿಗೂ ಹೀಗೇ. ಹುಳಿಗೆ ಹೋಳು ಹೆಚ್ಚಿದ್ರೂ ಸಾಲಾಗಿ ಇರ್ಬೇಕು. ನಿನಗೆ ಬೇರೆ ಬುದ್ಧಿ ಎಲ್ಲಿಂದ ಬರ್ಬೇಕು?"

"ಉಪ್ಪು ಹೋಗದಿದ್ರೆ ನಮ್ಮ ಮನೆಗೆ ಬಂದು ಇರು ಅಕ್ಕಾ."

"ನಿನ್ನ ಮನೆಗಾ? ತುತ್ತಿಗೊಂದು ಸಲ ಏಳೋ ಮನುಷ್ಯನ ಎದುರಿಗೆ ಕೂತು ನನ್ನಿಂದ ಉಣ್ಣೋಕಾಗಲ್ಲಪ್ಪ. ಸೇದು."

ಕೆಸರಿನಲ್ಲಿ ಮೊದಮೊದಲು ಅವನ ಕೈ ಮಾತು ಕೇಳಲಿಲ್ಲ. ಗೀರಿನ ಹಿಂದೆ ನಾಲ್ಕು ಮಾರು ಹೋಗುವಷ್ಟರಲ್ಲಿ ಗುದ್ದಲಿ ತಾನೇ ನೆಟ್ಟಗಾಗಿಬಿಡುತ್ತಿತ್ತು. ಮರುದಿನದ ಇಳಿತ ಅವನ ನೆಟ್ಟನೆಯ ತುಂಡನ್ನು ಪಕ್ಕಕ್ಕೆ ಬಿಟ್ಟು ಬೇರೆ ದಾರಿ ಹಿಡಿದಿರುತ್ತಿತ್ತು. ಅವನು ಹಲ್ಲು ಕಡಿದು ತನ್ನದನ್ನು ಮುಚ್ಚಿ ಅದರದ್ದನ್ನು ತೋಡುತ್ತಿದ್ದ. ಕೊನೆಗೆ ತಲೆ ಎತ್ತುವುದನ್ನೇ ಬಿಟ್ಟ. ದೂರ ನೋಡಿದರೆ ಅಕ್ಕನ ಮಾಡು ಕಾಣುತ್ತದೆ, ಕಂಡರೆ ಕೈ ಅತ್ತ ಎಳೆಯುತ್ತದೆ. ಹಾಗಾಗಿ ಕತ್ತು ಬಗ್ಗಿಸಿ, ಪಾದದ ಮುಂದಿನ ನೀರು ಮಾತ್ರ ನೋಡುತ್ತಾ ಹೋದ. ನಾವು ಹಿಂದಿನಿಂದ ಬುಟ್ಟಿ ಹೊತ್ತು, ಆ ಮಣ್ಣು ಸುರಿದು ಹಳೆಯ ನೆಟ್ಟನೆಯ ಕಾಲುವೆ ಮುಚ್ಚಿದೆವು. ಎಲ್ಲಿಗೆ ಹೊರಟಿದ್ದೇವೆ ಎಂದು ನಮಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಹುಣ್ಣಿಮೆ ಬಂತು. ಮಧ್ಯಾಹ್ನದ ಸುಡು ಬಿಸಿಲಲ್ಲಿ ಕಡಲು ಉಬ್ಬಿ, ಬಾಯಿಯ ಮೂಟೆಗಳನ್ನು ನೂಕಿ ಹೊಕ್ಕಿತು. ನೂಲಣ್ಣ ದಿಬ್ಬದ ಒಡ್ಡಿನ ಮೇಲೆ ಗುದ್ದಲಿ ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದ. ಮೊದಲ ತಿರುವಿನಲ್ಲಿ ನೀರು ದಂಡೆಗೆ ಬಡಿದು ನೊರೆ ಎಬ್ಬಿಸಿತು. ಎರಡನೆಯದರಲ್ಲಿ ಎರಡಾಗಿ ಒಡೆಯಿತು. ಮುಂದೆ ಕವಲುಗಳಿಗೆ ನುಗ್ಗಿ, ಬಿಳಿ ಹಕ್ಕಳೆಯ ನೆಲದ ಮೇಲೆ ತೆಳ್ಳಗೆ ಹಾಸಿಕೊಂಡಿತು. ಒಣನೆಲ ಬುಳುಬುಳು ಸದ್ದು ಮಾಡುತ್ತಾ ಕುಡಿಯಿತು. ದಿಬ್ಬದ ಬುಡಕ್ಕೆ ಬಂದು ಮುಟ್ಟಿದ್ದು ಅಂಗಾಲು ನೆನೆಯುವಷ್ಟು ನೀರು. ಅದೂ ಬಹು ದೂರ ನಡೆದು ಬಂದ ನೆಂಟನ ಹಾಗೆ, ಒಡ್ಡಿಗೆ ಒರಗಿಕೊಂಡು ಸುಮ್ಮನಾಯಿತು.

ಜನ ಹೋ ಎಂದರು. ನೂಲಣ್ಣ ಒಡ್ಡಿನ ಆ ಕಡೆ ಇಳಿದು ಮಣ್ಣು ಒತ್ತಿ ನೋಡಿದ, ಈ ಕಡೆ ಬಂದು ಒತ್ತಿ ನೋಡಿದ, ಬಾವಿಗೆ ಓಡಿದ. ಕೊಡ ಎತ್ತಿ ಗಟಗಟ ಕುಡಿದ. ಸ್ವಲ್ಪ ನಿಂತ. ಮತ್ತೆ ಕುಡಿದ.

"ಹೇಗಿದೆಯೋ?" ಎಂದಳು ಅಕ್ಕ.

"ಗೊತ್ತಾಗ್ತಿಲ್ಲ ಅಕ್ಕಾ. ದಿನಾ ಕುಡಿದು ಕುಡಿದು ನನ್ನ ನಾಲಿಗೆಯೇ ಉಪ್ಪಾಗಿದೆ."

ಅವಳು ತಾನೂ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಉಗಿಯಲಿಲ್ಲ, ನುಂಗಿದಳು. ಒಡ್ಡಿನ ಮೇಲೆ ನಿಂತಿದ್ದ ದೋಣಿಯ ಮುದುಕನನ್ನು ಕೈಮಾಡಿ ಕರೆದು ಅವನ ಮುಂದೆ ಕೊಡ ಹಿಡಿದಳು. ಮುದುಕ ನೀರನ್ನು ಬಾಯಲ್ಲಿ ಅತ್ತಿತ್ತ ಆಡಿಸಿ, ಆಕಾಶ ನೋಡಿ, ಗುಳುಕ್ಕೆಂದು ನುಂಗಿದ.

"ಸ್ವಲ್ಪ ಸವುಳು ಇದೆ ತಂಗೀ. ಚಹಾಕ್ಕೆ ಆಗುತ್ತೆ" ಎಂದ. ತನ್ನ ಕ್ಯಾನು ತಂದು ಅರ್ಧ ತುಂಬಿಸಿಕೊಂಡ. "ಪೂರ್ತಿ ಸಿಹಿಯಾದ ದಿನ ಪೂರ್ತಿ ತುಂಬಿಸ್ತೀನಿ. ಮೀನೂ ಅಲ್ಲಿವರೆಗೆ ಅರ್ಧವೇ."

"ನಿಮ್ಮ ಅರ್ಧ ಮೀನು ಯಾರಿಗೆ ಬೇಕು ಅಣ್ಣಾ? ತಲೆ ಕಡೆಯ ಅರ್ಧ ಕೊಡ್ತೀರೋ, ಬಾಲದ್ದೋ ಮೊದಲು ಹೇಳಿ" ಎಂದು ಅಕ್ಕ ಸೊಂಟಕ್ಕೆ ಕೈಯಿಟ್ಟಳು. ಅವಳ ಗಂಟಲಿನ ಗತ್ತು ಅರ್ಧ ಕ್ಯಾನಿನಷ್ಟು ಮರಳಿತ್ತು.

ಈ ಜಗಳಕ್ಕೆ ಸಾಕ್ಷಿ ಹೇಳಲು ತಮ್ಮನನ್ನು ಹುಡುಕಿದರೆ ಅವನು ಅಲ್ಲಿರಲಿಲ್ಲ. ಇಳಿತ ಶುರುವಾಗಿತ್ತು. ಒಂದು ಹೊಸ ಗೀರು ಕಾಲುವೆ ಬಿಟ್ಟು ಬೇರೆಲ್ಲಿಗೋ ತಿರುಗುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿರಬೇಕು. ಗುದ್ದಲಿ ಹೆಗಲಿಗೇರಿಸಿ, ಕತ್ತು ಬಗ್ಗಿಸಿ, ಅತ್ತ ಬಾಗಿ ಇತ್ತ ಬಾಗಿ, ನೀರಿನ ಹಿಂದೆ ಕೆಸರಲ್ಲಿ ಹೋಗುತ್ತಿದ್ದ.

"ಲೋ, ಅನ್ನ ಬಡಿಸಿದ್ದೀನಿ! ತಣ್ಣಗಾಗುತ್ತೆ!" ಎಂದು ಅಕ್ಕ ಕೂಗಿದಳು.

ಕೇಳಿಸಿತೋ ಇಲ್ಲವೋ. ಕೈ ಎತ್ತಿ ಬೀಸಿದ, ನಿಲ್ಲಲಿಲ್ಲ.